ಕರಿಯಾನ ಒಂದು ಛಲೋ ಫೋಟೋ

ಕರಿಯಾ ಸತ್ತ ಮೂರನೇ ದಿನ ಅವ್ವ ರೊಟ್ಟಿ ಬಡಿಯುತ್ತಾ ಹೇಳಿದಳು: “ತಮ್ಮಾ, ಕರಿಯಾಂದು ಒಂದು ಛಲೋ ಫೋಟೋ ತೊಳಿಸ್ಕೊಂಡು ಬಾರೋ. ಅಪ್ಪನ ಫೋಟೋದ ಬಾಜೂಕ ಹಾಕೂಣು.”

“ಆತ ಬಿಡವ್ವ, ನಾಳೆ ಹಾವೇರಿಗೆ ಹೋಗೂದೈತಿ, ತರ್ತೀನಿ” ಎಂದೆವು. ಅದೇನು ದೊಡ್ಡ ಕೆಲಸ ಎಂದುಕೊಂಡಿದ್ದೆವು. ಹನ್ನೊಂದು ವರ್ಷ ಮನೆಯಲ್ಲಿದ್ದ ನಾಯಿ. ನಮ್ಮ ಕಸುಬೇ ಫೋಟೋ ತೆಗೆಯುವುದು, ಸುದ್ದಿ ಬರೆಯುವುದು.

ಆ ರಾತ್ರಿ ಫೋನ್ ಹಿಡಿದು ಹುಡುಕಲು ಕೂತೆವು. ಗ್ಯಾಲರಿಯಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಫೋಟೋ ಇದ್ದವು. ಗುದ್ದಲಿ ಪೂಜೆಗಳೇ ನೂರಾರು. ಬ್ಯಾಡಗಿ ಮಾರುಕಟ್ಟೆಯ ಕೆಂಪು ಮೆಣಸಿನಕಾಯಿ ರಾಶಿ, 2019ರ ಆಗಸ್ಟ್‌ನಲ್ಲಿ ವರದಾ ನದಿ ಹೊಲಕ್ಕೆ ನುಗ್ಗಿದ್ದು, ಗ್ರಾಮಸಭೆಯ ಖಾಲಿ ಕುರ್ಚಿಗಳು, ಸನ್ಮಾನದ ಶಾಲು, ಮತ್ತೆ ಶಾಲು. ಕರಿಯಾನ ಫೋಟೋ ಸಿಕ್ಕಿದ್ದು 11.

ಆ ಹನ್ನೊಂದರಲ್ಲಿ ನಾಲ್ಕು ರಾತ್ರಿ ಫ್ಲ್ಯಾಶ್ ಹಾಕಿ ತೆಗೆದವು. ಕಪ್ಪಿನೊಳಗೆ ಎರಡು ಹಸಿರು ದೀಪ ಉರಿದಂತೆ ಕಣ್ಣು, ಉಳಿದದ್ದು ಕತ್ತಲೆ. ಮೂರರಲ್ಲಿ ಅವನು ಬಾಗಿಲ ಹತ್ತಿರ ನಿಂತಿದ್ದಾನೆ. ಹಿಂದಿನ ಅಂಗಳ ಬೆಳ್ಳಗೆ ಹೊಳೆಯುತ್ತಿದೆ, ನಾಯಿ ಮಾತ್ರ ಮಸಿ ಬಳಿದ ಕಲ್ಲಿನ ಹಾಗಿದೆ. ಎರಡರಲ್ಲಿ ಬಾಲ ಮತ್ತು ಹಿಂಗಾಲು, ಅಂದರೆ ನಾವು ಬಟನ್ ಒತ್ತುವಷ್ಟರಲ್ಲಿ ಅವನು ಹೊರಟುಬಿಟ್ಟಿದ್ದ. ಒಂದರಲ್ಲಿ ಮಗಳು ಅವನಿಗೆ ತನ್ನ ಹುಟ್ಟುಹಬ್ಬದ ಟೋಪಿ ಹಾಕಿದ್ದಾಳೆ. ಅವನು ಮುಖ ಆ ಕಡೆ ತಿರುಗಿಸಿ ಕಿವಿ ಹಿಂದಕ್ಕೆ ಮಡಚಿಕೊಂಡಿದ್ದಾನೆ. ಕೊನೆಯದು ಮೇಲಿನಿಂದ ತೆಗೆದದ್ದು. ಅದರಲ್ಲಿ ತಲೆ ದೊಡ್ಡದು, ಕಾಲು ಪುಟ್ಟದು, ನಾಯಿಯೋ ಗೊದಮೊಟ್ಟೆಯೋ ಗೊತ್ತಾಗುವುದಿಲ್ಲ.

ಬೆಳಿಗ್ಗೆ ಅವ್ವನಿಗೆ ಎಲ್ಲ ತೋರಿಸಿದೆವು. ಅವಳು ಒಂದೊಂದಾಗಿ ನೋಡಿ ಫೋನ್ ವಾಪಸ್ ಕೊಟ್ಟಳು. “ಇಡೀ ಜಿಲ್ಲಾದ್ದು ಫೋಟೋ ತಗೀತಿ. ನಮ್ಮ ಮನ್ಯಾಂದು ಒಂದೂ ಇಲ್ಲೇನು?” ಎಂದಳು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಅಪ್ಪನ ಫೋಟೋದ ಮೂಲೆ

ಇನ್ನೊಂದು ಫೋಟೋ ಇತ್ತು. ಅದರ ವಿಷಯವನ್ನೂ ಹೇಳಿಬಿಡುತ್ತೇವೆ.

ಕರಿಯಾ ಅಪ್ಪನ ನಾಯಿ. ಹೊಲದಿಂದ ಬರುವಾಗ ಮರಿಯನ್ನು ಟವೆಲ್‌ನಲ್ಲಿ ಸುತ್ತಿಕೊಂಡು ತಂದಿದ್ದ. ಸಂಜೆ ಇಬ್ಬರೂ ಕಟ್ಟೆಯ ಮೇಲೆ ಅಕ್ಕಪಕ್ಕ ಕೂರುತ್ತಿದ್ದರು, ಅಪ್ಪ ಎಲೆ ಅಡಿಕೆ ಹಾಕಿಕೊಂಡು, ಅವನು ರಸ್ತೆ ನೋಡಿಕೊಂಡು. ಒಂದು ದಿನ ಹೊಸ ಫೋನ್ ತಂದ ಖುಷಿಯಲ್ಲಿ ಇಬ್ಬರನ್ನೂ ಸೇರಿಸಿ ಒಂದು ಫೋಟೋ ತೆಗೆದಿದ್ದೆವು. ಸಂಜೆಯ ಬೆಳಕು, ಅಪ್ಪನ ಮುಖದಲ್ಲಿ ನಗು. ಬಹುಶಃ ನಾವು ಮನೆಯಲ್ಲಿ ತೆಗೆದ ಒಂದೇ ಒಳ್ಳೆಯ ಫೋಟೋ ಅದು.

ಮೂರು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಕಾರ್ಯಕ್ಕೆ ಫೋಟೋ ಬೇಕಾಯಿತು. ಗಡಿಬಿಡಿಯಲ್ಲಿ ಇದನ್ನೇ ತೆಗೆದುಕೊಂಡು, ನಾಯಿ ಇರುವ ಭಾಗ ಕತ್ತರಿಸಿ, ಅಪ್ಪನನ್ನು ಮಾತ್ರ ಉಳಿಸಿ ಸೇವ್ ಒತ್ತಿದೆವು. ಆ ಫೋನ್‌ನಲ್ಲಿ ಜಾಗ ಸಾಲದೆ ಹಳೆಯದನ್ನೆಲ್ಲ ಅಳಿಸುತ್ತಿದ್ದ ಕಾಲ. ಮೂಲ ಫೋಟೋ ಅದರಲ್ಲೇ ಹೋಯಿತು. ಸ್ಟುಡಿಯೋದವರು ಫೋಟೋ ತೊಳೆದು ಕೊಡುವಾಗ, “ಕೆಳಗಿನ ಮೂಲ್ಯಾಗ ಏನೋ ಕರ್ರಗ ಕಾಣ್ತೈತ್ರಿ, ಅಳಿಸಿ ಬಿಡ್ಲೇನ್ರಿ?” ಎಂದು ಕೇಳಿದ್ದರು. ಹೊತ್ತಾಗುತ್ತದೆ, ಇರಲಿ ಬಿಡಿ ಎಂದಿದ್ದೆವು.

ಅದು ಕರಿಯಾನ ಕಿವಿಯ ತುದಿ. ಈಗಲೂ ಪಡಸಾಲೆಯ ಗೋಡೆಯ ಮೇಲೆ, ಅಪ್ಪನ ಮೊಣಕೈ ಹತ್ತಿರ, ಕಡಲೆಕಾಳಿನಷ್ಟು ಕಪ್ಪು ಇದೆ. ಅದನ್ನು ನಮಗೆ ತೋರಿಸಿಕೊಟ್ಟವಳು ಅವ್ವ. ನಾವು ಮೂರು ವರ್ಷ ದಿನಾ ನೋಡಿದರೂ ಕಂಡಿರಲಿಲ್ಲ.

ಆಮೇಲೆ ಮನೆಯ ಉಳಿದ ಪ್ರಾಣಿಗಳ ಫೋಟೋ ತೆಗೆಯುವುದನ್ನು ನಾವು ಹೊಸದಾಗಿ ಕಲಿಯಲು ಶುರು ಮಾಡಿದೆವು. ಬೆಕ್ಕು ಚಿನ್ನಿ, ಎತ್ತುಗಳು ಎರಡು, ಆಡು ಒಂದು, ಕೋಳಿ ಏಳೆಂಟು. ಒಂದು ವರ್ಷ ಎಡವಿ ಕಲಿತದ್ದನ್ನು ಇಲ್ಲಿ ಹೇಳುತ್ತೇವೆ. ದೊಡ್ಡ ಕ್ಯಾಮೆರಾ ಬೇಡ, ಇದನ್ನು ಓದುತ್ತಿರುವ ಫೋನೇ ಸಾಕು.

ಮೊದಲು ನೆಲಕ್ಕೆ ಕೂರಬೇಕು

ಡಿಪ್ಲೊಮಾ ಓದುವಾಗ ನಮ್ಮ ಮೇಷ್ಟ್ರು ಗೋಡೆಯ ಮೇಲೆ ಒಂದು ಚಿತ್ರ ತೋರಿಸಿದ್ದರು. ಎಲಿಯಟ್ ಅರ್ವಿಟ್ ಎಂಬ ಛಾಯಾಗ್ರಾಹಕ 1974ರಲ್ಲಿ ನ್ಯೂಯಾರ್ಕ್‌ನಲ್ಲಿ ತೆಗೆದದ್ದು. ಅದರಲ್ಲಿ ಒಬ್ಬ ಹೆಂಗಸಿನ ಬೂಟುಗಳಿವೆ, ದೊಡ್ಡ ನಾಯಿಯೊಂದರ ಉದ್ದ ಕಾಲುಗಳಿವೆ, ಪಕ್ಕದಲ್ಲಿ ಟೋಪಿ ತೊಟ್ಟ ಗೇಣುದ್ದದ ನಾಯಿಯೊಂದು ಪೂರ್ತಿಯಾಗಿ ಕಾಣುತ್ತದೆ. ಹೆಂಗಸಿನ ಮುಖವೇ ಇಲ್ಲ. ಯಾಕೆಂದರೆ ಕ್ಯಾಮೆರಾ ಇರುವುದು ಆ ಪುಟ್ಟ ನಾಯಿಯ ಎತ್ತರದಲ್ಲಿ. ಆ ಎತ್ತರದಿಂದ ನೋಡಿದರೆ ಲೋಕವೆಂದರೆ ಬೂಟು ಮತ್ತು ಕಾಲು.

ಪರೀಕ್ಷೆಯಲ್ಲಿ ಇದರ ಮೇಲೆ ಪ್ರಶ್ನೆ ಬಂದಿತ್ತು. ಚೆನ್ನಾಗಿ ಬರೆದಿದ್ದೆವು. ಮನೆಗೆ ಬಂದು ಮಾತ್ರ ಹತ್ತು ವರ್ಷ ಕರಿಯಾನನ್ನು ನಿಂತುಕೊಂಡೇ, ಮೇಲಿನಿಂದಲೇ ತೆಗೆದೆವು. ವೇದಿಕೆಯ ಮೇಲಿದ್ದವರ ಫೋಟೋಗೆ ಕುರ್ಚಿ ಹತ್ತಿ ನಿಲ್ಲುತ್ತಿದ್ದವರು ನಾಯಿಗಾಗಿ ಒಂದು ಸಲ ನೆಲಕ್ಕೆ ಕೂರಲಿಲ್ಲ.

ಇದೊಂದು ಬದಲಾದರೆ ಅರ್ಧ ಕೆಲಸ ಮುಗಿದಂತೆ. ಫೋನಿನ ಲೆನ್ಸ್ ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಬರಬೇಕು. ನಾಯಿಗೆ ಚಕ್ಕಳಮಕ್ಕಳ ಕೂತರೆ ಸಾಕು. ಬೆಕ್ಕು, ಕೋಳಿ, ಮರಿಗಳಿಗೆ ಮೊಣಕೈ ನೆಲಕ್ಕೆ ಊರಿ ಬೋರಲು ಮಲಗಬೇಕು. ಮಲಗಲು ಆಗದವರು ಫೋನನ್ನು ತಲೆಕೆಳಗು ಮಾಡಿ ಹಿಡಿಯಿರಿ. ಆಗ ಲೆನ್ಸ್ ಕೆಳಗಿನ ಅಂಚಿಗೆ ಬಂದು ನೆಲಕ್ಕೆ ಇನ್ನೂ ಹತ್ತಿರವಾಗುತ್ತದೆ. ಫೋಟೋವನ್ನು ಆಮೇಲೆ ತಿರುಗಿಸಿಕೊಂಡರಾಯಿತು.

ಅಕ್ಕಪಕ್ಕದವರು ನಗುತ್ತಾರೆ. ನಾವು ಅಂಗಳದಲ್ಲಿ ಕೋಳಿಯ ಮುಂದೆ ಬೋರಲು ಬಿದ್ದಿದ್ದನ್ನು ಕಂಡು ಎದುರು ಮನೆಯ ಕಾಕಾ, “ಯಾಕ್ರೀ ಪೇಪರ್‌ನ್ಯಾರ, ಕೋಳಿ ಸಂದರ್ಶನ ಮಾಡಾಕತ್ತೀರೇನು?” ಎಂದಿದ್ದ. ನಗಲಿ.

ಕರಿಗೆ ಒಂದು ಬೆಳಕು, ಬಿಳಿಗೆ ಒಂದು

ಕರಿಯಾ ಯಾಕೆ ಯಾವಾಗಲೂ ಮಸಿಯ ಹಾಗೆ ಬರುತ್ತಿದ್ದ? ತಪ್ಪು ಅವನ ಬಣ್ಣದ್ದಲ್ಲ.

ಫೋನಿನ ಕ್ಯಾಮೆರಾ ತಾನಾಗಿ ಬೆಳಕು ಲೆಕ್ಕ ಹಾಕುವಾಗ, ಎದುರಿಗಿರುವುದೆಲ್ಲ ಸೇರಿ ಮಧ್ಯಮ ಬೂದು ಬಣ್ಣಕ್ಕೆ ಹತ್ತಿರ ಇರಬೇಕು ಎಂದು ಹೊಂದಿಸುತ್ತದೆ. ಕರಿ ನಾಯಿಯ ಹಿಂದೆ ಬಿಸಿಲಿನ ಅಂಗಳ ಇದ್ದರೆ, ಆ ಬಿಳುಪನ್ನು ತಗ್ಗಿಸಲು ಹೋಗಿ ನಾಯಿಯನ್ನು ಪೂರ್ತಿ ಕತ್ತಲೆ ಮಾಡುತ್ತದೆ. ಅದೇ ಕರಿ ನಾಯಿ ಚೌಕಟ್ಟಿನ ತುಂಬ ಇದ್ದರೆ ಉಲ್ಟಾ ಆಗುತ್ತದೆ: ಇದು ಬಹಳ ಕತ್ತಲೆ ಎಂದುಕೊಂಡು ಬೆಳಕು ಏರಿಸಿ, ಕಪ್ಪು ಮೈಯನ್ನು ಬೂದಿ ಬಣ್ಣಕ್ಕೆ ತರುತ್ತದೆ. ಬಿಳಿ ಎತ್ತು, ಬಿಳಿ ಕೋಳಿಯನ್ನು ಹತ್ತಿರದಿಂದ ತೆಗೆದರೆ ಬೆಳಕು ಇಳಿಸಿ ಮಾಸಲು ಮಾಡುತ್ತದೆ.

ಇದಕ್ಕೆ ಉಪಾಯ ನಿಮ್ಮ ಬೆರಳಿನಲ್ಲೇ ಇದೆ. ಸ್ಕ್ರೀನ್ ಮೇಲೆ ಪ್ರಾಣಿಯ ಮುಖದ ಮೇಲೆ ಒಮ್ಮೆ ಒತ್ತಿ. ಪಕ್ಕದಲ್ಲಿ ಪುಟ್ಟ ಸೂರ್ಯನ ಗುರುತು ಬರುತ್ತದೆ. ಅದನ್ನು ಮೇಲೆ ಎಳೆದರೆ ಬೆಳಕು ಏರುತ್ತದೆ, ಕೆಳಗೆ ಎಳೆದರೆ ಇಳಿಯುತ್ತದೆ. ಕರಿ ಮೈ ಬೂದಿಯಾಗಿ ಕಂಡರೆ ಸ್ವಲ್ಪ ಇಳಿಸಿ, ಬಿಳಿ ಮೈ ಮಾಸಲಾಗಿ ಕಂಡರೆ ಸ್ವಲ್ಪ ಏರಿಸಿ. ಕೂದಲು ಎಳೆ ಎಳೆಯಾಗಿ ಕಾಣುವ ಹದಕ್ಕೆ ಬಂದಾಗ ನಿಲ್ಲಿಸಿ.

ಆದರೆ ಬೆರಳಿಗಿಂತ ಮುಖ್ಯ ಜಾಗ. ನಮ್ಮ ಹಳ್ಳಿ ಮನೆಗಳಲ್ಲಿ ಸ್ಟುಡಿಯೋಗಿಂತ ಒಳ್ಳೆಯ ಬೆಳಕಿನ ಒಂದು ಜಾಗ ಇದೆ. ತಲೆಬಾಗಿಲಿನಿಂದ ಮೂರು ನಾಲ್ಕು ಅಡಿ ಒಳಗೆ, ಬಿಸಿಲು ನೇರ ಬೀಳದ ಪಡಸಾಲೆಯ ನೆಲ. ಪ್ರಾಣಿ ಅಲ್ಲಿ ಬಾಗಿಲ ಕಡೆ ಮುಖ ಮಾಡಿ ಇರಬೇಕು, ನೀವು ಬಾಗಿಲ ಬದಿಗೆ, ಬೆಳಕಿಗೆ ಅಡ್ಡ ಬಾರದ ಹಾಗೆ ಕೂರಬೇಕು. ಹೊರಗಿನ ಬೆಳಕು ಮೆತ್ತಗೆ ಮುಖದ ಮೇಲೆ ಬೀಳುತ್ತದೆ, ಹಿಂದಿನ ಕೋಣೆ ತಾನಾಗಿ ಕತ್ತಲಾಗುತ್ತದೆ. ಕಣ್ಣಿನಲ್ಲಿ ಬಾಗಿಲಿನದೇ ಒಂದು ಪುಟ್ಟ ಬಿಳಿ ಚೌಕ ಮೂಡುತ್ತದೆ. ಆ ಹೊಳಪು ಇದ್ದರೆ ಕಣ್ಣಿಗೆ ಜೀವ, ಇಲ್ಲದಿದ್ದರೆ ಗುಂಡಿಯ ಹಾಗೆ ಕಾಣುತ್ತದೆ. ಕರಿಯಾ ಬಾಗಿಲ ಹತ್ತಿರವೇ ಮಲಗುತ್ತಿದ್ದ. ಬೆಳಕು ಅಲ್ಲೇ ಇತ್ತು. ನಾವೇ ಒಳಗೆ ನಿಂತು, ಬೆಳಕನ್ನು ಅವನ ಬೆನ್ನಿಗೆ ಬಿಟ್ಟು ತೆಗೆದೆವು.

ಹೊರಗೆ ತೆಗೆಯುವುದಾದರೆ ಬೆಳಿಗ್ಗೆ ಎಂಟೂವರೆಯೊಳಗೆ ಅಥವಾ ಸಂಜೆ ಐದರ ಮೇಲೆ ತೆಗೆಯಿರಿ. ಮಧ್ಯಾಹ್ನ ನೆರಳಿಗೆ ಬನ್ನಿ, ಬೇವಿನ ಗಿಡದ ಕೆಳಗೆ, ಕೊಟ್ಟಿಗೆಯ ಚಾವಣಿಯ ಅಂಚಿನಲ್ಲಿ. ಎಲೆಗಳ ನಡುವಿಂದ ಚುಕ್ಕಿ ಚುಕ್ಕಿ ಬಿಸಿಲು ಬೀಳುವ ಜಾಗ ಬೇಡ. ಅಲ್ಲಿ ಯಾವ ಪ್ರಾಣಿಯೂ ಚಿರತೆಯ ಹಾಗೆ ಕಾಣುತ್ತದೆ.

ಫ್ಲ್ಯಾಶ್ ಅಂತೂ ಬೇಡವೇ ಬೇಡ. ನಾಯಿ, ಬೆಕ್ಕು, ಆಕಳು, ಎಮ್ಮೆ, ಕುರಿ, ಆಡು ಇವುಗಳ ಕಣ್ಣಿನ ಪರದೆಯ ಹಿಂದೆ ಕನ್ನಡಿಯಂಥ ಒಂದು ಪದರ ಇರುತ್ತದೆ. ಟೇಪೀಟಮ್ ಲೂಸಿಡಮ್ ಎಂದು ಅದರ ಹೆಸರು. ಕತ್ತಲಲ್ಲಿ ಸಿಕ್ಕ ಚೂರು ಬೆಳಕನ್ನೂ ತಿರುಗಿಸಿ ಎರಡನೇ ಸಲ ಕಣ್ಣಿಗೆ ಒದಗಿಸುವ ಏರ್ಪಾಡು ಅದು. ಮನುಷ್ಯರಿಗೆ ಇಲ್ಲ. ಫ್ಲ್ಯಾಶ್ ಬಿದ್ದಾಗ ಆ ಕನ್ನಡಿ ಬೆಳಕನ್ನು ವಾಪಸ್ ಎಸೆಯುತ್ತದೆ. ಕರಿಯಾನ ಫೋಟೋದಲ್ಲಿ ಉರಿಯುತ್ತಿದ್ದ ಹಸಿರು ದೀಪ ಇದೇ. ಕತ್ತಲಲ್ಲಿ ಅರಳಿಸಿಕೊಂಡಿದ್ದ ಕಣ್ಣಿಗೆ ಒಮ್ಮೆಲೇ ಬೆಳಕು ಹೊಡೆದರೆ ಪ್ರಾಣಿ ಬೆಚ್ಚುತ್ತದೆ. ಮರುಸಲ ಫೋನ್ ಎತ್ತಿದೊಡನೆ ಎದ್ದು ಹೋಗುತ್ತದೆ.

ಕರೆಯಬೇಡಿ, ಕಾಯಿರಿ

ನಾವು ಮಾಡುತ್ತಿದ್ದ ದೊಡ್ಡ ತಪ್ಪು ಇನ್ನೊಂದು. ಫೋಟೋ ತೆಗೆಯಬೇಕು ಅನಿಸಿದಾಗ ಕರಿಯಾನನ್ನು ಕರೆದು, ಕತ್ತು ಹಿಡಿದು ಕೂರಿಸಿ, “ಇತ್ಲಾಗ ನೋಡಲೇ” ಎನ್ನುತ್ತಿದ್ದೆವು. ಅಧಿಕಾರಿಗಳನ್ನು ಸಾಲಾಗಿ ನಿಲ್ಲಿಸುವ ಅಭ್ಯಾಸ ಅದು. ನಾಯಿ ಸಾಲಿನಲ್ಲಿ ನಿಲ್ಲುವುದಿಲ್ಲ.

ಹಿಂಜರಿದ ನಾಯಿ ಅದನ್ನು ಹೇಳುತ್ತದೆ. ಮುಖ ತಿರುಗಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆ ಇಲ್ಲದೆಯೂ ಆಕಳಿಸುತ್ತದೆ, ಕಣ್ಣಿನ ಬಿಳಿ ಭಾಗ ಅರ್ಧಚಂದ್ರದ ಹಾಗೆ ಕಾಣಿಸುತ್ತದೆ, ಕಿವಿ ಹಿಂದಕ್ಕೆ ಹೋಗುತ್ತದೆ. ಇದರಲ್ಲಿ ಯಾವುದು ಕಂಡರೂ ಫೋನ್ ಕೆಳಗಿಡಿ. ಮಗಳು ಟೋಪಿ ಹಾಕಿದ ಆ ಫೋಟೋದಲ್ಲಿ ಇವುಗಳಲ್ಲಿ ಎರಡು ಇದ್ದವು. ಆ ದಿನ ನಾವೆಲ್ಲ ನಕ್ಕಿದ್ದೆವು. ಈಗ ನೋಡಿದರೆ ಅವನು “ಸಾಕ್ರೀ” ಎಂದು ಹೇಳುತ್ತಿರುವುದು ಕಾಣುತ್ತದೆ. ಆ ಫೋಟೋವನ್ನು ಗೋಡೆಗೆ ಹಾಕಲು ಅವ್ವ ಒಪ್ಪಲಿಲ್ಲ. “ಅಂವಾ ಹಂಗಿರ್ಲಿಲ್ಲ” ಎಂದಳು.

ಪ್ರಾಣಿಯನ್ನು ಫೋಟೋಗಾಗಿ ಎಳೆದು ತರುವ ಬದಲು ಫೋನನ್ನು ಪ್ರಾಣಿ ಇರುವಲ್ಲಿಗೆ ಒಯ್ಯಬೇಕು. ಪ್ರತಿ ಪ್ರಾಣಿಗೂ ದಿನದಲ್ಲಿ ಒಂದು ಜಾಗ, ಒಂದು ಹೊತ್ತು ಇರುತ್ತದೆ. ನಮ್ಮ ಚಿನ್ನಿ ಬೆಳಿಗ್ಗೆ ಒಲೆ ಆರಿದ ಮೇಲೆ ಬೂದಿಯ ಬೆಚ್ಚಗೆ ಬರುತ್ತಾಳೆ. ಎತ್ತುಗಳು ಮೇವು ತಿಂದು ಮಲಗಿ ಮೆಲುಕು ಹಾಕುವಾಗ ಕಣ್ಣು ಅರ್ಧ ಮುಚ್ಚಿರುತ್ತವೆ. ಆಡು ಸಂಜೆ ಕಟ್ಟೆ ಹತ್ತಿ ನಿಲ್ಲುತ್ತದೆ. ಅದನ್ನು ಎರಡು ದಿನ ಬರೀ ನೋಡಿ. ಮೂರನೇ ದಿನ ಅವು ಬರುವ ಮೊದಲೇ ಹೋಗಿ ಅಲ್ಲಿ ಕೂತಿರಿ. ಐದು ನಿಮಿಷ ಫೋನ್ ಎತ್ತಬೇಡಿ. ಅವು ನಿಮ್ಮನ್ನು ಮರೆತು ತಮ್ಮ ಕೆಲಸಕ್ಕೆ ಹೋದ ಮೇಲೆ ತೆಗೆಯಿರಿ. ಮೂಡಿಗೆರೆಯ ತೇಜಸ್ವಿಯವರು ಹಕ್ಕಿಗಳ ಫೋಟೋ ತೆಗೆಯುತ್ತಿದ್ದವರು. ಕಾಡಿನ ಹಕ್ಕಿಯ ಮುಂದೆ ಕಾಯದೆ ಬೇರೆ ದಾರಿಯಿಲ್ಲ. ಮನೆಯ ಬೆಕ್ಕಿಗೂ ಅದರಲ್ಲಿ ಹತ್ತರಲ್ಲೊಂದು ಪಾಲು ತಾಳ್ಮೆ ಬೇಕು.

ಬೆಕ್ಕನ್ನು ದಿಟ್ಟಿಸಿ ನೋಡಬೇಡಿ, ಅದಕ್ಕೆ ಅದು ಜಗಳಕ್ಕೆ ಕರೆದ ಹಾಗೆ. ಅದು ನಿಮ್ಮ ಕಡೆ ನೋಡಿದಾಗ ನಿಧಾನಕ್ಕೆ ಕಣ್ಣು ಮುಚ್ಚಿ ತೆರೆಯಿರಿ. ಬಹಳ ಸಲ ಅದೂ ಹಾಗೇ ಮಾಡುತ್ತದೆ. ದನಗಳಿಗೆ ಎರಡೂ ಬದಿ ಬಹಳ ದೂರ ಕಾಣುತ್ತದೆ, ನೇರ ಹಿಂದೆ ಮಾತ್ರ ಕಾಣುವುದಿಲ್ಲ. ಹಿಂದಿನಿಂದ ಹೋದರೆ ಒದೆ ಗ್ಯಾರಂಟಿ. ಭುಜದ ಕಡೆಯಿಂದ, ಹೆಸರು ಹಿಡಿದು ಮಾತಾಡಿಸುತ್ತಾ ಹೋಗಿ.

ಮುಖ ಇತ್ತ ತಿರುಗಲಿ ಎಂದು ಸದ್ದು ಮಾಡುವುದಾದರೆ ಒಂದೇ ಸಲ ಮಾಡಿ. ತಟ್ಟೆ ಬಡಿದ ಸದ್ದು, ಬಾಗಿಲ ಚಿಲಕದ ಸದ್ದು, ಹೆಸರು ಯಾವುದಾದರೂ ಸರಿ. ಮೊದಲ ಸಲ ಕಿವಿ ನೆಟ್ಟಗಾಗುತ್ತದೆ, ತಲೆ ಓರೆಯಾಗುತ್ತದೆ. ಮೂರನೇ ಸಲ ಅದು ನಿಮ್ಮನ್ನು ನಂಬುವುದಿಲ್ಲ. ಅದಕ್ಕೆ ಬೆರಳು ಬಟನ್ ಮೇಲೆ ಇಟ್ಟುಕೊಂಡೇ ಸದ್ದು ಮಾಡಬೇಕು.

ಎಲ್ಲ ಪ್ರಾಣಿಗೂ ಮುಖವೇ ಮುಖ್ಯ ಎಂದೂ ಇಲ್ಲ. ಬಾಗಲಕೋಟೆ ಕಡೆಯ ಮುಧೋಳ ನಾಯಿ ಸಾಕಿದವರು ಇದ್ದರೆ ಅದನ್ನು ಬದಿಯಿಂದ, ಪೂರ್ತಿ ಮೈ ಬರುವಂತೆ ತೆಗೆಯಿರಿ. ಉದ್ದ ಕತ್ತು, ಆಳವಾದ ಎದೆ, ಒಳಕ್ಕೆ ಹೋದ ಹೊಟ್ಟೆಯೇ ಅದರ ಚೆಲುವು. ಆ ತಳಿಗೆ 2005ರಲ್ಲಿ ಅಂಚೆ ಚೀಟಿಯ ಗೌರವವೂ ಸಿಕ್ಕಿದೆ. ನಮ್ಮ ಕರಿಯಾ ಬೀದಿ ಜಾತಿ. ಅವನಿಗೆ ಚೀಟಿ ಬೇಡವಾಗಿತ್ತು, ಗೋಡೆಯ ಮೇಲೆ ಒಂದು ಮೊಳೆ ಸಾಕಿತ್ತು.

ಫೋನಿನ ನಾಲ್ಕು ಮಾತು

ಒಂದು, ಲೆನ್ಸ್ ಒರೆಸಿ. ನಮ್ಮ ಕೈಯಲ್ಲಿ ಎಣ್ಣೆ, ಅರಿಶಿನ, ಹೊಲದ ಧೂಳು ಇದ್ದೇ ಇರುತ್ತದೆ. ಫೋಟೋ ಮಂಜು ಮಂಜಾಗಿದೆ, ಹೊಸ ಫೋನ್ ಬೇಕು ಎನ್ನುವವರಲ್ಲಿ ಅರ್ಧ ಜನಕ್ಕೆ ಬೇಕಾಗಿರುವುದು ಒಂದು ಸ್ವಚ್ಛ ಹತ್ತಿ ಬಟ್ಟೆ.

ಎರಡು, ತೀರ ಹತ್ತಿರ ಹೋಗಬೇಡಿ. ಮೂಗಿಗೆ ಹತ್ತಿರ ಹಿಡಿದರೆ ಮೂಗು ಬದನೆಕಾಯಿಯಷ್ಟು ದಪ್ಪ, ಕಿವಿ ಸಣ್ಣ ಆಗುತ್ತದೆ. ಐದಾರು ಅಡಿ ದೂರ ಕೂತು, ಎರಡರಷ್ಟು ಮಾತ್ರ ಜೂಮ್ ಮಾಡಿ. ಅದಕ್ಕಿಂತ ಹೆಚ್ಚು ಎಳೆದರೆ ಹೆಚ್ಚಿನ ಫೋನ್‌ಗಳಲ್ಲಿ ಚಿತ್ರ ಒಡೆಯುತ್ತದೆ.

ಮೂರು, ಒಂದರ ಬದಲು ಹತ್ತು ತೆಗೆಯಿರಿ. ಕೆಲವು ಫೋನ್‌ಗಳಲ್ಲಿ ಬಟನ್ ಒತ್ತಿ ಹಿಡಿದರೆ, ಕೆಲವಲ್ಲಿ ಒತ್ತಿ ಪಕ್ಕಕ್ಕೋ ಕೆಳಕ್ಕೋ ಎಳೆದರೆ ಸಾಲಾಗಿ ಫೋಟೋ ಬರುತ್ತವೆ. ಕರಿಯಾನ ಬಾಲದ ಎರಡು ಫೋಟೋಗಳ ಹಿಂದಿನ ಕ್ಷಣದಲ್ಲಿ ಮುಖ ಇತ್ತು. ನಾವು ಒಂದೇ ಸಲ ಒತ್ತಿ ಕಳೆದುಕೊಂಡೆವು. ಹಿಂದಿನದನ್ನು ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಬೆಕ್ಕಿನ ಮೀಸೆಯನ್ನೂ ಆಡಿನ ಕಿವಿಯ ಅಂಚನ್ನೂ ತಿಂದುಬಿಡುವುದುಂಟು. ಸಾದಾ ಮೋಡ್ ಇರಲಿ.

ನಾಲ್ಕು, ಮೂಲ ಫೋಟೋ ಉಳಿಸಿ. ಇದು ನಮ್ಮ ಎದೆಗೆ ತಟ್ಟಿದ ಮಾತು. ಕತ್ತರಿಸಬೇಕಾದರೆ ‘ಕಾಪಿ ಸೇವ್’ ಒತ್ತಿ, ಅದರ ಮೇಲೇ ಸೇವ್ ಮಾಡಬೇಡಿ. ವಾಟ್ಸಾಪ್‌ನಲ್ಲಿ ಸುಮ್ಮನೆ ಕಳಿಸಿದರೆ ಫೋಟೋ ಕುಗ್ಗುತ್ತದೆ. ತೊಳಿಸಲು ಕಳಿಸುವುದಾದರೆ ಎಚ್‌ಡಿ ಗುರುತು ಒತ್ತಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಿ. 4×6 ಇಂಚಿನ ಫೋಟೋ ಚೆನ್ನಾಗಿ ಬರಲು ಸುಮಾರು 1200×1800 ಚುಕ್ಕಿಗಳು ಬೇಕು. 12 ಮೆಗಾಪಿಕ್ಸೆಲ್ ಫೋನಿನ ಮೂಲ ಫೋಟೋದಲ್ಲಿ 4000×3000 ಇರುತ್ತವೆ, ಅಂದರೆ ಧಾರಾಳವಾಗಿ ಸಾಕು. ಜಾಗ ಸಾಲದಿದ್ದರೆ ಗುಡ್ ಮಾರ್ನಿಂಗ್ ಹೂವುಗಳನ್ನು ಅಳಿಸಿ, ಮನೆಯವರನ್ನಲ್ಲ.

ನೆನಪಿಗೆ ಒಂದು, ದಾಖಲೆಗೆ ಒಂದು

ನಮ್ಮ ಊರುಗಳಲ್ಲಿ ಪ್ರಾಣಿಯ ಫೋಟೋ ಬರೀ ಅಂದಕ್ಕಲ್ಲ. ರಾಸಿಗೆ ವಿಮೆ ಮಾಡಿಸುವಾಗ ಕಿವಿಯೋಲೆ ಕಾಣುವ ಫೋಟೋ ಕೇಳುತ್ತಾರೆ. ಓಲೆಯ ಮೇಲೆ 12 ಅಂಕಿಯ ಸಂಖ್ಯೆ ಇರುತ್ತದೆ. ಅದನ್ನು ಬೆಳಗಿನ ಬೆಳಕಿನಲ್ಲಿ, ಸಂಖ್ಯೆ ಓದಲು ಬರುವಂತೆ ಒಂದು, ಪೂರ್ತಿ ಮೈ ಎಡದಿಂದ ಒಂದು, ಬಲದಿಂದ ಒಂದು, ಮುಖ ಎದುರಿನಿಂದ ಒಂದು ತೆಗೆದಿಟ್ಟುಕೊಳ್ಳಿ. ಓಲೆ ಬಿದ್ದುಹೋದರೆ ತಡ ಮಾಡದೆ ಪಶು ಆಸ್ಪತ್ರೆಗೆ ತಿಳಿಸಿ. ಮೂತಿಯನ್ನೂ ಹತ್ತಿರದಿಂದ ತೆಗೆಯಿರಿ. ನಮ್ಮ ಹೆಬ್ಬೆಟ್ಟಿನ ಹಾಗೆ ದನದ ಮೂತಿಯ ಗೆರೆಗಳೂ ಒಂದರದ್ದು ಇನ್ನೊಂದಕ್ಕೆ ಹೋಲುವುದಿಲ್ಲ.

ನಾಯಿ ತಪ್ಪಿಸಿಕೊಂಡರೂ ಇದೇ. “ಕರಿ ನಾಯಿ, ಮಧ್ಯಮ ಎತ್ತರ” ಎಂದರೆ ಸುತ್ತ ಹತ್ತು ಊರಿನಲ್ಲಿ ನೂರು ಸಿಗುತ್ತವೆ. ಎದೆಯ ಮೇಲಿನ ಬಿಳಿ ಚುಕ್ಕಿ, ಹರಿದ ಕಿವಿ, ಬಾಲದ ಸೊಟ್ಟ ಕಾಣುವ ಫೋಟೋ ಇದ್ದರೆ ಗುರುತು ಹಿಡಿಯುತ್ತಾರೆ.

ಅವ್ವ ತೆಗೆದ ಫೋಟೋ

ಕರಿಯಾ ಹೋದ ಮೇಲೆ ಇನ್ನೊಂದು ನಾಯಿ ಬೇಡವೇ ಬೇಡ ಎಂದಿದ್ದಳು ಅವ್ವ. ಶ್ರಾವಣದ ಮಳೆಯಲ್ಲಿ ಒಂದು ಕಂದು ಮರಿ ತಾನಾಗಿ ಬಂದು ಕಟ್ಟೆಯ ಕೆಳಗೆ ಕೂತಿತು. ಎರಡು ದಿನ ಅವ್ವ ಅದನ್ನು ನೋಡದವಳ ಹಾಗೆ ಓಡಾಡಿದಳು. ಮೂರನೇ ದಿನ ಮಜ್ಜಿಗೆಯಲ್ಲಿ ರೊಟ್ಟಿ ಮುರಿದು ಹಾಕಿದಳು. ಹೆಸರು ಇನ್ನೂ ಇಟ್ಟಿಲ್ಲ, “ಮರಿ” ಎನ್ನುತ್ತೇವೆ.

ಇಷ್ಟೆಲ್ಲ ಕಲಿತ ನಾವು ಮರಿಯ ಮೇಲೆ ಪ್ರಯೋಗ ಮಾಡಲು ಹೊರಟೆವು. ನೆಲಕ್ಕೆ ಮಲಗಿದೆವು, ಬಾಗಿಲ ಬೆಳಕು ನೋಡಿಕೊಂಡೆವು, ಕಾದೆವು. ಮರಿ ಬಂದು ಫೋನ್ ನೆಕ್ಕಿತು, ಮೂಗಿನ ಮೇಲೆ ಕಾಲಿಟ್ಟಿತು, ಓಡಿತು. ಅರ್ಧ ಗಂಟೆಯಲ್ಲಿ ಸಿಕ್ಕಿದ್ದು ಬೇಕಾದಷ್ಟು ಮಸುಕು. ಅಷ್ಟರಲ್ಲಿ ತಾಲ್ಲೂಕು ಕಚೇರಿ ಮುಂದೆ ಪ್ರತಿಭಟನೆ ಎಂದು ಕರೆ ಬಂತು. ಕ್ಯಾಮೆರಾ ಬ್ಯಾಗ್ ತೆಗೆದುಕೊಂಡು, ಹಳೆಯ ಫೋನನ್ನು ಮಗಳ ಕೈಗೆ ಕೊಟ್ಟು ಹೋದೆವು.

ಸಂಜೆ ಬಂದಾಗ ಮಗಳು ಒಂದು ಫೋಟೋ ತೋರಿಸಿದಳು. ಪಡಸಾಲೆಯಲ್ಲಿ ಬಾಗಿಲ ಬೆಳಕು ಬಿದ್ದಿದೆ. ಮರಿ ಮುಂಗಾಲು ಚಾಚಿ ಮಲಗಿ, ತಲೆ ಎತ್ತಿ ನೇರ ನೋಡುತ್ತಿದೆ, ಒಂದು ಕಿವಿ ನೆಟ್ಟಗೆ, ಒಂದು ಜೋತು. ಕಣ್ಣಿನಲ್ಲಿ ಬಾಗಿಲಿನ ಬಿಳಿ ಚೌಕ. ಇಷ್ಟು ಚೆಂದದ ಫೋಟೋ ನಾವು ಈ ವರ್ಷ ತೆಗೆದಿಲ್ಲ.

“ನೀ ತಗದ್ಯಾ?” ಎಂದೆವು.

“ಇಲ್ಲಪ್ಪಾ, ಅಜ್ಜಿ ತಗದ್ಳು. ನಾ ಬರೇ ಎಲ್ಲಿ ಒತ್ತಬೇಕಂತ ಹೇಳ್ದೆ.”

ಅವ್ವ ಜೋಳ ಹಸನು ಮಾಡುತ್ತಾ ನೆಲದ ಮೇಲೆ ಕೂತಿದ್ದಳು. ಅವಳು ಯಾವಾಗಲೂ ಕೂರುವುದೇ ಅಲ್ಲಿ, ಬಾಗಿಲ ಬೆಳಕು ಬೀಳುವ ಬದಿಗೆ, ಯಾಕೆಂದರೆ ಕಲ್ಲು ಕಾಣಬೇಕಲ್ಲ. ಮರಿಯೂ ಅವಳ ಹತ್ತಿರವೇ ಮಲಗುತ್ತದೆ. ಅವಳು ಅದನ್ನು ಕರೆದಿರಲಿಲ್ಲ, ಕೂರಿಸಿರಲಿಲ್ಲ, ತಾನೂ ಎಲ್ಲಿಗೂ ಹೋಗಿರಲಿಲ್ಲ. ನಾವು ಒಂದು ವರ್ಷ ಕಲಿತದ್ದೆಲ್ಲ ಅವಳು ದಿನಾ ಕೂರುವ ಜಾಗದಲ್ಲೇ ಇತ್ತು.

ಫೋಟೋದ ಒಂದು ಬದಿಗೆ ಮೊರದ ಅಂಚು ಬಂದಿತ್ತು, ಕೆಳಗೆ ಅವ್ವನ ಸೀರೆಯ ಸೆರಗು, ಅವಳ ಮೊಣಕಾಲು. ಅಭ್ಯಾಸಬಲ. ಆ ಬದಿಯನ್ನು ಕತ್ತರಿಸಿ ಮರಿಯನ್ನಷ್ಟೇ ಉಳಿಸೋಣ ಎಂದು ಬೆರಳು ಎಡಿಟ್ ಮೇಲೆ ಹೋಯಿತು. ಗೋಡೆಯ ಮೇಲೆ ಅಪ್ಪ ಇದ್ದ, ಅವನ ಮೊಣಕೈ ಹತ್ತಿರ ಆ ಕಡಲೆಕಾಳಿನಷ್ಟು ಕಪ್ಪು ಇತ್ತು. ಬೆರಳು ತೆಗೆದೆವು.

ಮರುದಿನ ಹಾವೇರಿಗೆ ಹೋಗಿ ಹಾಗೇ ತೊಳಿಸಿಕೊಂಡು ಬಂದೆವು, ಮೊರ, ಸೆರಗು, ಮೊಣಕಾಲು ಸಮೇತ. ಅವ್ವ ನೋಡಿ, “ನನ್ನ ಹರಕ ಸೀರಿ ಯಾಕ ಬಂತೋ ಇದರಾಗ?” ಎಂದಳು. ಆದರೆ ಮೊಳೆ ಎಲ್ಲಿ ಹೊಡೆಯಬೇಕೆಂದು ತಾನೇ ತೋರಿಸಿದಳು, ಅಪ್ಪನ ಬಾಜೂಕ, ಕಿವಿಯ ತುದಿ ಇರುವ ಕಡೆಗೇ.

ಇವತ್ತು ಸಂಜೆ ನಿಮ್ಮ ಮನೆಯ ನಾಯಿ, ಬೆಕ್ಕು, ಎತ್ತು ಎಲ್ಲಿ ಮಲಗುತ್ತದೆ ನೋಡಿ. ಅಲ್ಲೇ ಹೋಗಿ ಕೂತು ಒಂದು ಫೋಟೋ ತೆಗೆಯಿರಿ. ಪಕ್ಕದಲ್ಲಿ ಯಾರಾದರೂ ಕೂತಿದ್ದರೆ ಏಳಲು ಹೇಳಬೇಡಿ.